ಕೌನ್ಸಿಲ್ ಸಭೆಯಿಂದ ಹೊರಗೆ ಕಳುಹಿಸಿದರು, ಇದು ಸರಿಯಾ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಉಡುಪಿ ಜಿಲ್ಲೆಯ ಒಂದು ಪುರಸಭೆ ವ್ಯಾಪ್ತಿಯಲ್ಲಿ ನನ್ನ ಮನೆ. ನಮ್ಮ ಬಸ್‌ಸ್ಟ್ಯಾಂಡ್ ಪಕ್ಕ ಪುರಸಭೆಯ ಕಟ್ಟಡ ಇದೆ. ಅದರ ಅಂಗಡಿ ಕೋಣೆಗಳ ಬಾಡಿಗೆ ಬಾಕಿ ವಿಚಾರ ಸಾಮಾನ್ಯ ಸಭೆಗೆ ಬರುತ್ತದೆ ಅಂತ ಗೊತ್ತಾಗಿ ನಾನೂ ಇನ್ನಿಬ್ಬರೂ ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತೆವು. ಬೀದಿ ದೀಪ, ಚರಂಡಿ ಎಲ್ಲ ಮುಗಿದು ಅಂಗಡಿ ಕೋಣೆ ವಿಷಯ ಬಂದ ಕೂಡಲೇ ಜವಾನ ಬಂದು "ಹೊರಗಿನವರು ಹೊರಗೆ ಹೋಗಬೇಕಂತೆ, ವಿಷಯ ಕೋರ್ಟಿನಲ್ಲಿದೆ" ಅಂದ. ಹೊರಗೆ ಬಂದೆವು. ಆಮೇಲೆ ನಮ್ಮನ್ನು ಯಾರೂ ಕರೆಯಲೂ ಇಲ್ಲ, ಏನು ತೀರ್ಮಾನ ಆಯಿತು ಅಂತ ಹೇಳಲೂ ಇಲ್ಲ. ನನ್ನ ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಅಲ್ಲಿಯ ಊರಿನ ಸಭೆಯಲ್ಲಿ ಮುಚ್ಚಿದ ಬಾಗಿಲಿನ ಸಭೆಗೂ ಕಾನೂನು ಇದೆಯಂತೆ. ನಮ್ಮಲ್ಲಿ ಇಲ್ಲವಾ? ನನ್ನನ್ನು ಹೊರಗೆ ಕಳುಹಿಸಿದ್ದು ಸರಿಯಾ?

ಉತ್ತರ: ಮಾಸ್ಟ್ರೇ, ಹೊರಗೆ ಕಳುಹಿಸಲು ಕಾನೂನಿನಲ್ಲಿ ದಾರಿ ಇದೆ. ಆದರೆ ನಿಮ್ಮನ್ನು ಕಳುಹಿಸಿದ ರೀತಿ ಆ ದಾರಿ ಅಲ್ಲ. ಬಾಗಿಲಿಗಿಂತ ದೊಡ್ಡ ವಿಷಯ ಇನ್ನೊಂದಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮ ನಗರಸಭೆ, ಪುರಸಭೆ, ಪಟ್ಟಣ ಪಂಚಾಯತಿಗಳು ನಡೆಯುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ಮೇಲೆ. 35 ವಾರ್ಡಿನ ಉಡುಪಿ ನಗರಸಭೆಗೂ ಅದೇ, ನಿಮ್ಮ ಪುರಸಭೆಗೂ ಅದೇ. ಮಂಗಳೂರು ಮಹಾನಗರ ಪಾಲಿಕೆಗೆ ಬೇರೆ ಕಾಯ್ದೆ, 1976ರದ್ದು. ಪುರಸಭೆ ಕಾಯ್ದೆಯಲ್ಲಿ ಸಭೆಯ ಬಗ್ಗೆ ಬರೆದಿರುವ ಭಾಗದಲ್ಲಿ ಒಂದು ಸಣ್ಣ ಸಾಲು ಇದೆ. ಅದರ ಸಾರ ಇಷ್ಟು: ಕೌನ್ಸಿಲ್ ಸಭೆ ಸಾರ್ವಜನಿಕರಿಗೆ ತೆರೆದಿರಬೇಕು. ಯಾವುದೋ ಒಂದು ವಿಚಾರಣೆ ಅಥವಾ ಚರ್ಚೆ ಖಾಸಗಿಯಾಗಿ ನಡೆಯಬೇಕಾದದ್ದು ಅಂತ ಕಂಡರೆ ಮಾತ್ರ ಬಾಗಿಲು ಹಾಕಬಹುದು. ಸಭೆಗೆ ಅಡ್ಡಿ ಮಾಡುವವರನ್ನು ಹೊರಗೆ ಹಾಕುವ ಅಧಿಕಾರವೂ ಅಲ್ಲೇ ಇದೆ.

ಇದನ್ನು ಸ್ವಲ್ಪ ನಿಧಾನವಾಗಿ ಓದಬೇಕು. ತೆರೆದಿರುವುದು ನಿಯಮ, ಮುಚ್ಚುವುದು ಅಪವಾದ. ನಮ್ಮ ಕಚೇರಿಗಳಲ್ಲಿ ಇದನ್ನು ತಲೆಕೆಳಗಾಗಿ ಓದುತ್ತಾರೆ. "ನೀವು ಯಾರು, ಯಾರ ಅನುಮತಿ ತಗೊಂಡು ಬಂದ್ರಿ" ಅಂತ ಕೇಳುತ್ತಾರೆ. ನಿಮಗೆ ಅನುಮತಿ ಬೇಕಾಗಿಲ್ಲ. ನಿಮ್ಮನ್ನು ಕಳುಹಿಸಲು ಕಾರಣ ಬೇಕಾದದ್ದು ಅವರಿಗೆ.

ಮುಚ್ಚಬಹುದಾದದ್ದು ಆ ಒಂದು ಚರ್ಚೆಗೆ ಮಾತ್ರ, ಉಳಿದ ಇಡೀ ಸಭೆಗೆ ಅಲ್ಲ. ವಿಷಯ ಸಂಖ್ಯೆ 14ಕ್ಕೆ ಬಾಗಿಲು ಹಾಕಿದರೆ 15ಕ್ಕೆ ತೆಗೆಯಬೇಕು. ನಿಮ್ಮನ್ನು ವಾಪಸ್ ಕರೆಯಲಿಲ್ಲ ಅಂದಿರಲ್ಲ, ತಪ್ಪು ಅಲ್ಲಿದೆ.

ಮತ್ತೆ, ಆ ಮಾತು ಬರಬೇಕಾದದ್ದು ಅಧ್ಯಕ್ಷ ಪೀಠದಿಂದ, ಎಲ್ಲರಿಗೂ ಕೇಳುವ ಹಾಗೆ. ಜವಾನ ಬಂದು ಕಿವಿಯಲ್ಲಿ ಹೇಳುವುದಲ್ಲ. ಪಾಪ, ಅವನನ್ನು ಬೈಯಬೇಡಿ. ಅವನು ಯಾರದೋ ಕಣ್ಸನ್ನೆ ನೋಡಿ ಬಂದಿರುತ್ತಾನೆ. ನಮ್ಮ ಕರಾವಳಿಯ ಸಭೆಗಳು ಗೊತ್ತಲ್ಲ. ಅಜೆಂಡಾ ಕನ್ನಡದಲ್ಲಿ, ಜಗಳ ತುಳುವಿನಲ್ಲಿ. "ಮಾತೆರ್ಲಾ ಒಂಜಿ ಪಿದಾಯಿ ಪೋಲೆ" (ಎಲ್ಲರೂ ಒಮ್ಮೆ ಹೊರಗೆ ಹೋಗಿ) ಅಂತ ಯಾರೋ ಸದಸ್ಯರು ಅರ್ಧ ತಮಾಷೆಯಲ್ಲಿ ಅಂದರೆ ಹಿಂದೆ ಕೂತವರು ಎದ್ದು ಹೋಗಿಬಿಡುತ್ತಾರೆ. ನಾನು ಇದನ್ನು ಎಷ್ಟೋ ಸಲ ನೋಡಿದ್ದೇನೆ. ಹಾಗೆ ಎದ್ದು ಹೋದರೆ ನಿಮ್ಮನ್ನು ಯಾರೂ ಹೊರಗೆ ಹಾಕಿದ ಹಾಗೆ ಆಗುವುದಿಲ್ಲ, ನೀವೇ ಹೋದ ಹಾಗೆ ಆಗುತ್ತದೆ. ಮುಂದಿನ ಸಲ ಎದ್ದು ನಿಂತು ಒಂದೇ ಮಾತು ಕೇಳಿ: "ಅಧ್ಯಕ್ಷರೇ, ಇದು ತಮ್ಮ ಆದೇಶವಾ? ನಡವಳಿಯಲ್ಲಿ ಬರುತ್ತದಾ?" ನಡವಳಿ ಅಂದರೆ ಸಭೆಯಲ್ಲಿ ನಡೆದದ್ದರ ಬರಹದ ದಾಖಲೆ. ಹೌದು ಅಂದರೆ ಹೊರಗೆ ಬನ್ನಿ, ವಾದ ಮಾಡಬೇಡಿ. ವಾದ ಮಾಡಿದರೆ "ಅಡ್ಡಿ ಮಾಡಿದರು" ಅಂತ ಬರೆಯುತ್ತಾರೆ, ಆಗ ಕಾನೂನು ಅವರ ಕಡೆ ವಾಲುತ್ತದೆ.

ಇನ್ನು "ವಿಷಯ ಕೋರ್ಟಿನಲ್ಲಿದೆ" ಅನ್ನುವ ಮಾತು. ಇದನ್ನು ಕೇಳಿದ ಕೂಡಲೇ ನಮ್ಮವರು ಸುಮ್ಮನಾಗುತ್ತಾರೆ. ದೇವಸ್ಥಾನದಲ್ಲಿ "ಮಡಿ" ಅಂದ ಹಾಗೆ. ನಿಜ ಹೇಳಬೇಕೆಂದರೆ ಇದರಲ್ಲಿ ಅರ್ಧ ಮಾತ್ರ ಸತ್ಯ. ಪುರಸಭೆಯ ವಕೀಲರು ಕೊಟ್ಟ ಅಭಿಪ್ರಾಯ, ಎದುರು ಪಕ್ಷದ ಜೊತೆ ರಾಜಿಗೆ ಎಷ್ಟರವರೆಗೆ ಇಳಿಯಬಹುದು ಅನ್ನುವ ಲೆಕ್ಕ, ಇವನ್ನು ಬಾಡಿಗೆದಾರರೇ ಕೂತಿರುವ ಸಭೆಯಲ್ಲಿ ಬಾಯಿಬಿಟ್ಟು ಹೇಳಿದರೆ ಕೇಸು ಸೋತ ಹಾಗೆಯೇ. ಸೋತರೆ ಹೋಗುವುದು ನಿಮ್ಮ ತೆರಿಗೆ ದುಡ್ಡು. ಅಷ್ಟಕ್ಕೆ ಬಾಗಿಲು ಹಾಕಲಿ, ನನ್ನ ತಕರಾರು ಇಲ್ಲ. ಆದರೆ ಎಷ್ಟು ಕೋಣೆ, ಯಾರ ಹೆಸರಿನಲ್ಲಿದೆ, ತಿಂಗಳಿಗೆ ಎಷ್ಟು ಬಾಡಿಗೆ, ಎಷ್ಟು ತಿಂಗಳಿಂದ ಬಾಕಿ, ಇದೆಲ್ಲ ಪುರಸಭೆಯ ಬೇಡಿಕೆ-ವಸೂಲಿ ರಿಜಿಸ್ಟರಿನಲ್ಲಿ ಇರುವ ಅಂಕಿ. ಕೋರ್ಟಿನಲ್ಲಿ ಕೇಸು ಇದೆ ಅಂತ ಈ ಅಂಕಿಗಳು ಗುಟ್ಟಾಗುವುದಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಕೋರ್ಟೇ ನೇರವಾಗಿ "ಇದನ್ನು ಪ್ರಕಟಿಸಬಾರದು" ಅಂದಿದ್ದರೆ, ಅಥವಾ ಕೊಟ್ಟರೆ ನ್ಯಾಯಾಂಗ ನಿಂದನೆ ಆಗುವಂತಿದ್ದರೆ ಮಾತ್ರ ಆ ಕಾರಣಕ್ಕೆ ಮಾಹಿತಿ ನಿರಾಕರಿಸಬಹುದು. ಸುಮ್ನೆ ಕೇಸು ನಡೆಯುತ್ತಿದೆ ಅನ್ನುವುದು ಕಾರಣ ಅಲ್ಲ.

ಹಾಗಾದರೆ ಯಾವುದಕ್ಕೆ ಬಾಗಿಲು ಹಾಕಬಹುದು? ನಮ್ಮ ಕಾಯ್ದೆ ಪಟ್ಟಿ ಕೊಟ್ಟಿಲ್ಲ, ಅದೇ ಅದರ ದೊಡ್ಡ ಕೊರತೆ. ನನ್ನ ಅನುಭವದಲ್ಲಿ ನಿಜವಾಗಿ ಬಾಗಿಲು ಹಾಕಬೇಕಾಗಿ ಬಂದದ್ದು ಬಹಳ ಕಡಿಮೆ. ಸಿಬ್ಬಂದಿಯೊಬ್ಬರ ಮೇಲೆ ಶಿಸ್ತು ಕ್ರಮದ ವಿಚಾರಣೆ, ಅವರ ಕಾಯಿಲೆ, ಸಂಸಾರದ ಸಂಗತಿ ಬಂದಾಗ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳದ ದೂರು ಬಂದಾಗ. ಇದಕ್ಕಂತೂ 2013ರ ಕಾಯ್ದೆಯೇ ಹೆಸರು, ವಿವರ ಹೊರಗೆ ಬಿಡಬಾರದು ಅನ್ನುತ್ತದೆ. ಆಮೇಲೆ ಟೆಂಡರ್ ಪರಿಶೀಲನೆ ಮುಗಿಯುವ ಮುಂಚಿನ ಹಂತ. ಮುಗಿದು ಗುತ್ತಿಗೆ ಕೊಟ್ಟ ಮೇಲೆ ಅದರಲ್ಲೂ ಗುಟ್ಟು ಇಲ್ಲ. ರಸ್ತೆ, ನೀರು, ಕಸ, ಅಂಗಡಿ ಕೋಣೆ, ಮನೆ ತೆರಿಗೆ, ಮೀನು ಮಾರ್ಕೆಟ್ಟಿನ ಸುಂಕದ ಹರಾಜು ಇವಕ್ಕೆಲ್ಲ ಬಾಗಿಲು ಯಾಕೆ? ಸದಸ್ಯರಿಗೆ ಮುಜುಗರ ಆಗುತ್ತದೆ ಅನ್ನುವುದು ಖಾಸಗಿ ವಿಚಾರ ಅಲ್ಲ.

ಚರ್ಚೆ ಒಳಗೆ ಆದರೂ ತೀರ್ಮಾನ ಹೊರಗೆ ಬರಲೇಬೇಕು. ತೀರ್ಮಾನ ಅಂದರೆ ನಡವಳಿ ಪುಸ್ತಕದಲ್ಲಿ ಬರೆದ ಸಾಲು. ಅಲ್ಲಿ ಇಲ್ಲದ್ದು ಆಗಲೇ ಇಲ್ಲ. ಇದನ್ನು ನಾನು ಕಲಿತದ್ದು ಒಂದು ಕೆಟ್ಟ ಸಂಜೆ.

ಕಚೇರಿಯಲ್ಲಿ ಸಭೆಯ ಕಾಗದಪತ್ರ ನೋಡುವ ಸಭಾ ಶಾಖೆಗೆ ನಾನು ಬಂದ ಹೊಸದು. ಊರು, ಕಚೇರಿ ಹೆಸರು ಬೇಡ. ಜುಲೈ ತಿಂಗಳು, ಹೊರಗೆ ಹೆಂಚಿನ ಮಾಡಿನಿಂದ ನೀರು ಧಾರಾಕಾರ. ಸಭೆ ಮುಗಿದಾಗ ಗಂಟೆ ಐದೂವರೆ. ಎಲ್ಲರೂ ಗೋಳಿಬಜೆ ತಿಂದು, ಚಾ ಕುಡಿದು ಹೋದರು. ನಾನು ನಡವಳಿ ಬರೆಯಲು ಕೂತೆ. ಹಿರಿಯ ಗುಮಾಸ್ತರು ಬಂದು ಒಂದು ವಿಷಯದ ಕೆಳಗೆ ಬೆರಳಿಟ್ಟು, "ಇಲ್ಲಿ ಅರ್ಧ ಪುಟ ಖಾಲಿ ಬಿಡು ಮಾರಾಯ, ಅಧ್ಯಕ್ಷರು ಆಮೇಲೆ ಹೇಳ್ತಾರಂತೆ" ಅಂದರು. ಬಿಟ್ಟೆ. ನಾಲ್ಕು ದಿನ ಕಳೆದು ಆ ಅರ್ಧ ಪುಟ ತುಂಬಿತು. ಸಭೆಯಲ್ಲಿ "ಮುಂದೂಡಿ" ಅಂದದ್ದು ಅಲ್ಲಿ "ಸುದೀರ್ಘವಾಗಿ ಚರ್ಚಿಸಿ ಸರ್ವಾನುಮತದಿಂದ ಮಂಜೂರು ಮಾಡಲು ತೀರ್ಮಾನಿಸಲಾಯಿತು" ಅಂತ ಆಗಿತ್ತು. ಅಕ್ಷರ ನನ್ನದೇ. ಅರ್ಧ ಪುಟಕ್ಕೆ ಮಾತು ಸಾಲದೆ ಕೊನೆಯಲ್ಲಿ ಸಾಲುಗಳನ್ನು ದೂರ ದೂರ ಬರೆದಿದ್ದೆ. ಈಗಲೂ ಹಳೆಯ ನಡವಳಿ ಪುಸ್ತಕ ಕೈಗೆ ಬಂದರೆ ನಾನು ಮೊದಲು ನೋಡುವುದು ಸಾಲುಗಳ ನಡುವಿನ ಅಂತರ.

ಅದಕ್ಕೇ ಹೇಳುವುದು, "ಸುದೀರ್ಘವಾಗಿ ಚರ್ಚಿಸಿ" ಅಂತ ಕಂಡರೆ ಹುಷಾರಾಗಿ. ಎರಡು ನಿಮಿಷವೂ ಚರ್ಚೆ ಆಗದ ವಿಷಯಕ್ಕೆ ಅದೇ ಮಾತು, ಎರಡು ಗಂಟೆ ಕೂಗಾಡಿದ್ದಕ್ಕೂ ಅದೇ ಮಾತು. ಯಾರು ವಿರೋಧಿಸಿದರು, ಯಾಕೆ ವಿರೋಧಿಸಿದರು ಅನ್ನುವುದು ಅದರಲ್ಲಿ ಮುಳುಗಿಹೋಗುತ್ತದೆ. ನಿಮ್ಮ ವಾರ್ಡಿನ ಸದಸ್ಯರಿಗೆ ಒಂದು ಮಾತು ಹೇಳಿಡಿ. ಅವರಿಗೆ ಆಕ್ಷೇಪ ಇದ್ದರೆ ಬರೀ ಕೂಗಿದರೆ ಸಾಲದು. "ನನ್ನ ವಿರೋಧ ದಾಖಲಿಸಿ" ಅಂತ ಬರಹದಲ್ಲಿ ಕೊಟ್ಟು ಬರಬೇಕು.

ಈಗ ನಿಮ್ಮ ಮಗಳು ಹೇಳಿದ ವಿಚಾರಕ್ಕೆ ಬರೋಣ. ಕ್ಯಾಲಿಫೋರ್ನಿಯಾದಲ್ಲಿ ಇರುವುದು ಬ್ರೌನ್ ಕಾಯ್ದೆ, 1953ರದ್ದು. ಅದರ ಹುಟ್ಟೇ ಒಂದು ಕಥೆ. 1952ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಕ್ರಾನಿಕಲ್ ಪತ್ರಿಕೆಯ ವರದಿಗಾರ ಮೈಕಲ್ ಹ್ಯಾರಿಸ್, ಊರಿನ ಕೌನ್ಸಿಲ್‌ಗಳು, ಶಾಲಾ ಮಂಡಳಿಗಳು ಹೇಗೆ ಗುಟ್ಟಾಗಿ ಸೇರಿ ತೀರ್ಮಾನ ಮಾಡುತ್ತವೆ ಅಂತ ಕಂತು ಕಂತಾಗಿ ಬರೆದರು. ಅಲ್ಲಿಯ ಶಾಸಕ ರಾಲ್ಫ್ ಬ್ರೌನ್ ಮರುವರ್ಷವೇ ಕಾಯ್ದೆ ತಂದರು. ಅಲ್ಲಿ ಮಾಮೂಲಿ ಸಭೆಯ ಅಜೆಂಡಾವನ್ನು 72 ಗಂಟೆ ಮೊದಲು ಜನರಿಗೆ ಕಾಣುವ ಹಾಗೆ ಅಂಟಿಸಬೇಕು. ಅಜೆಂಡಾದಲ್ಲಿ ಇಲ್ಲದ ವಿಷಯಕ್ಕೆ ಸಾಮಾನ್ಯವಾಗಿ ತೀರ್ಮಾನ ಮಾಡುವ ಹಾಗಿಲ್ಲ. ಯಾವುದಕ್ಕೆ ಬಾಗಿಲು ಹಾಕಬಹುದು ಅಂತ ಕಾಯ್ದೆಯೇ ಹೆಸರಿಸಿದೆ: ಕೋರ್ಟ್ ಕೇಸಿನ ಸಲಹೆ, ನೌಕರರ ನೇಮಕ ಮತ್ತು ಶಿಸ್ತು, ಜಾಗ ಕೊಳ್ಳುವಾಗ ಮಾರುವಾಗ ದರದ ಚೌಕಾಸಿ, ನೌಕರರ ಸಂಘದ ಜೊತೆ ಸಂಬಳದ ಮಾತು, ಹೀಗೆ. ಒಳಗೆ ಹೋಗುವ ಮುಂಚೆ ಯಾವ ವಿಷಯಕ್ಕೆ ಹೋಗುತ್ತಿದ್ದೇವೆ ಅಂತ ಹೇಳಿ ಹೋಗಬೇಕು. ಹೊರಗೆ ಬಂದು ಇಂತಿಂಥ ತೀರ್ಮಾನ ಆಯಿತು, ಯಾರು ಯಾವ ಕಡೆ ಓಟು ಹಾಕಿದರು ಅಂತ ಹೇಳಬೇಕು.

ಆ ಕಾಯ್ದೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ನಿಯಮ. ಸದಸ್ಯರಲ್ಲಿ ಬಹುಮತದವರು ಸಭೆಯ ಹೊರಗೆ ಒಬ್ಬರಿಂದ ಒಬ್ಬರಿಗೆ ಸರಪಳಿಯಂತೆ ಮಾತಾಡಿ ಊರಿನ ವಿಷಯ ಚರ್ಚಿಸುವುದೂ ನಿಷಿದ್ಧ. ಫೋನಿನಲ್ಲೂ ಇಲ್ಲ, ಮಧ್ಯವರ್ತಿ ಮೂಲಕವೂ ಇಲ್ಲ. ಇದನ್ನು ನಮ್ಮಲ್ಲಿ ತಂದರೆ ಸದಸ್ಯರ ವಾಟ್ಸಾಪ್ ಗ್ರೂಪುಗಳ ಕಥೆ ಏನಾಗಬಹುದು ಯೋಚಿಸಿ!

ಇಂಗ್ಲೆಂಡಿನಲ್ಲಿ ಇದೇ ವಿಚಾರ 1960ರಲ್ಲಿ ಬಂತು. ಅಲ್ಲಿ 1908ರಿಂದಲೇ ಪತ್ರಕರ್ತರನ್ನು ಒಳಗೆ ಬಿಡಬೇಕು ಅನ್ನುವ ಕಾಯ್ದೆ ಇತ್ತು. ಕೌನ್ಸಿಲ್‌ಗಳು ಒಂದು ಉಪಾಯ ಕಂಡುಕೊಂಡವು. ಇಡೀ ಕೌನ್ಸಿಲ್ಲೇ "ಈಗ ನಾವು ಸಮಿತಿ" ಅಂತ ಘೋಷಿಸಿಕೊಂಡು ಬಾಗಿಲು ಹಾಕುವುದು. ಅದೇ ಜನ, ಅದೇ ಕುರ್ಚಿ, ಹೆಸರು ಮಾತ್ರ ಬೇರೆ. ಸಂಸತ್ತಿಗೆ ಹೊಸದಾಗಿ ಬಂದಿದ್ದ ಒಬ್ಬ ಸದಸ್ಯೆ ತನ್ನ ಮೊದಲ ಭಾಷಣದಲ್ಲೇ ಇದನ್ನು ಎತ್ತಿಕೊಂಡು ಖಾಸಗಿ ಮಸೂದೆ ಮಂಡಿಸಿದರು. ಆಗಿಂದ ಜನರನ್ನು ಹೊರಗೆ ಕಳುಹಿಸಬೇಕಾದರೆ ಠರಾವು ಮಾಡಬೇಕು, ಅದರಲ್ಲಿ ಕಾರಣ ಬರೆಯಬೇಕು ಅಂತ ಆಯಿತು. ಆ ಸದಸ್ಯೆ ಮಾರ್ಗರೆಟ್ ಥ್ಯಾಚರ್. ಅವರ ರಾಜಕೀಯ ಇಷ್ಟ ಆಗದವರೂ ಈ ಒಂದು ಕೆಲಸಕ್ಕೆ ಮಾರ್ಕು ಕೊಡುತ್ತಾರೆ.

ನಮ್ಮಲ್ಲಿ ಇಷ್ಟು ವಿವರವಾದ ಕಾಯ್ದೆ ಇಲ್ಲ. ಆದರೆ ಅದೇ ಕಾರಣಕ್ಕೆ ನಮ್ಮ ಸಭೆಗಳು ಮುಚ್ಚಿದ ಬಾಗಿಲಲ್ಲೇ ನಡೆಯುತ್ತವೆ ಅಂದುಕೊಳ್ಳಬೇಡಿ. ನಿಮಗೆ ಆದ ಹಾಗೆ ಹೊರಗೆ ಕಳುಹಿಸುವುದು ಅಪರೂಪ. ಸಾಮಾನ್ಯವಾಗಿ ಪತ್ರಕರ್ತರು ಕೂತೇ ಇರುತ್ತಾರೆ, ಮಾರನೇ ದಿನ ಪೇಪರಿನಲ್ಲಿ ಗಲಾಟೆಯ ಫೋಟೊ ಬರುತ್ತದೆ. ಶುರುವಿನಲ್ಲಿ ಹೇಳಿದ ದೊಡ್ಡ ವಿಷಯ ಇದೇ: ನಮ್ಮಲ್ಲಿ ಬಾಗಿಲು ತೆರೆದೇ ಇರುತ್ತದೆ, ತೀರ್ಮಾನ ಮಾತ್ರ ಅದಕ್ಕೂ ಮುಂಚೆ ಬೇರೆಲ್ಲೋ ಆಗಿರುತ್ತದೆ.

ಹೇಗೆ ಅಂತ ಹೇಳುತ್ತೇನೆ. ಸಭೆಯ ಹಿಂದಿನ ದಿನ ಒಂದು "ಪೂರ್ವಭಾವಿ" ಕೂಟ ಆಗುತ್ತದೆ. ಅದಕ್ಕೆ ಅಜೆಂಡಾ ಇಲ್ಲ, ನಡವಳಿ ಇಲ್ಲ. ಅಲ್ಲಿ ಎಲ್ಲ ಮಾತಾಡಿ ಮುಗಿಸಿ ಬಂದರೆ ಮಾರನೇ ದಿನ ಸಭೆಯಲ್ಲಿ ಕೈ ಎತ್ತುವುದೊಂದೇ ಬಾಕಿ. ಎರಡನೇ ದಾರಿ ಅಜೆಂಡಾದ ಕೊನೆಯ ಸಾಲು. ಯಾವ ಪುರಸಭೆಯ ಅಜೆಂಡಾ ಬೇಕಾದರೂ ತೆಗೆದು ನೋಡಿ, ಕೊನೆಯಲ್ಲಿ "ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು" ಅಂತ ಇರುತ್ತದೆ. ಮೇಲಿನ ಇಪ್ಪತ್ತು ವಿಷಯದಲ್ಲಿ ಇಲ್ಲದ್ದು ಅಲ್ಲಿ ನುಗ್ಗುತ್ತದೆ. ಮಧ್ಯಾಹ್ನದ ಊಟಕ್ಕೆ ಹೊರಡುವ ಹೊತ್ತಿಗೆ ಒಂದು ಜೆರಾಕ್ಸ್ ಹಾಳೆ ಟೇಬಲ್ ಮೇಲೆ ಬರುತ್ತದೆ. ಹಸಿದವರು ಓದುತ್ತಾರಾ? ಮೂರನೆಯದು ಘಟನೋತ್ತರ ಮಂಜೂರಾತಿ. ಕೆಲಸ ಮೊದಲೇ ಮಾಡಿಸಿ, ಬಿಲ್ಲೂ ಆಗಿ, ಆಮೇಲೆ ಸಭೆಗೆ ತಂದು ಒಪ್ಪಿಗೆ ಕೇಳುವುದು. ಮಳೆಗಾಲದಲ್ಲಿ ಮೋರಿ ಕುಸಿದರೆ ಅದು ಬೇಕಾಗುತ್ತದೆ, ನಿಜ. ಆದರೆ ವರ್ಷಕ್ಕೆ ಎಷ್ಟು ಸಲ ಮೋರಿ ಕುಸಿಯುತ್ತದೆ ಅಂತ ಲೆಕ್ಕ ಇಡುವುದು ಒಳ್ಳೆಯದು. ಸ್ಥಾಯಿ ಸಮಿತಿಯ ಸಭೆಗೂ ಸಾಮಾನ್ಯವಾಗಿ ಹೊರಗಿನವರನ್ನು ಬಿಡುವುದಿಲ್ಲ. ಅದರ ತೀರ್ಮಾನ ಕೌನ್ಸಿಲ್ ಮುಂದೆ ಬಂದಾಗಲೇ ಹಿಡಿಯಬೇಕು.

ಹಾಗಾಗಿ ಬಾಗಿಲ ಹತ್ತಿರ ನಿಂತು ಜಗಳ ಆಡುವುದಕ್ಕಿಂತ ಎರಡು ಕಾಗದಗಳ ಹಿಂದೆ ಬೀಳಿ. ಸಭೆಗೆ ಮುಂಚಿನ ಅಜೆಂಡಾ, ಸಭೆ ಆದ ಮೇಲಿನ ನಡವಳಿ. ಸಾಮಾನ್ಯ ಸಭೆಗೆ ಏಳು ಪೂರ್ತಿ ದಿನ ಮೊದಲು, ವಿಶೇಷ ಸಭೆಗೆ ಮೂರು ದಿನ ಮೊದಲು ಸದಸ್ಯರಿಗೆ ನೋಟಿಸ್ ಹೋಗಬೇಕು, ಕಚೇರಿಯಲ್ಲೂ ಹಚ್ಚಬೇಕು. ಹಚ್ಚುತ್ತಾರಾ? ಒಂದು ಕಡೆ ನಾನು ನೋಟಿಸ್ ಬೋರ್ಡ್ ಹುಡುಕಿದಾಗ ಅದು ಕಬ್ಬಿಣದ ಕಪಾಟಿನ ಹಿಂದೆ ಸಿಕ್ಕಿತು. ಕಪಾಟು ಸರಿಸಿದರೆ ಮೂರು ವರ್ಷ ಹಿಂದಿನ ಪೋಲಿಯೊ ಹನಿ ಪೋಸ್ಟರು. ಹೋಗಿ ಕೇಳಿ, ಬೋರ್ಡಿನ ಫೋಟೊ ತೆಗೆದಿಟ್ಟುಕೊಳ್ಳಿ. ನೋಟಿಸ್ ಹಚ್ಚದೆ ಮಾಡಿದ ಸಭೆ ಅಂತ ಮುಂದೆ ಎಲ್ಲಾದರೂ ವಾದ ಬಂದರೆ ಆ ಫೋಟೊ ಕೆಲಸಕ್ಕೆ ಬರುತ್ತದೆ.

ಇಲ್ಲಿ ಮಾಹಿತಿ ಹಕ್ಕು ಕಾಯ್ದೆಯ ಒಂದು ಮೂಲೆಯನ್ನು ನಿಮಗೆ ತೋರಿಸಬೇಕು. ಎಲ್ಲರೂ ಅರ್ಜಿ ಹಾಕುವ ಸೆಕ್ಷನ್ ಬಗ್ಗೆ ಮಾತಾಡುತ್ತಾರೆ, 4ನೇ ಸೆಕ್ಷನ್ ಯಾರೂ ಓದುವುದಿಲ್ಲ. ಯಾರೂ ಕೇಳದೆಯೇ ಪ್ರತಿ ಕಚೇರಿ ತಾನಾಗಿ ಪ್ರಕಟಿಸಬೇಕಾದ ಮಾಹಿತಿಯ ಪಟ್ಟಿ ಅಲ್ಲಿದೆ. ಆ ಪಟ್ಟಿಯ ಎಂಟನೇ ಅಂಶ ನಿಮಗಾಗಿಯೇ ಬರೆದ ಹಾಗಿದೆ. ಕಚೇರಿಯಲ್ಲಿರುವ ಮಂಡಳಿ, ಕೌನ್ಸಿಲ್, ಸಮಿತಿಗಳು ಯಾವುವು, ಅವುಗಳ ಸಭೆ ಸಾರ್ವಜನಿಕರಿಗೆ ತೆರೆದಿದೆಯಾ, ನಡವಳಿ ಜನರಿಗೆ ಸಿಗುತ್ತದಾ ಅಂತ ಕಚೇರಿ ತಾನೇ ಬರೆದು ಪ್ರಕಟಿಸಬೇಕು. ನಿಮ್ಮ ಪುರಸಭೆಯ ವೆಬ್‌ಸೈಟಿನಲ್ಲಿ 4(1)(ಬಿ) ಅನ್ನುವ ಕಡತ ಹುಡುಕಿ. ಬಹಳ ಕಡೆ ಹಳೆಯ ಅಧಿಕಾರಿಗಳ ಹೆಸರೇ ಇರುತ್ತದೆ, ಆದರೂ ಎಂಟನೇ ಕಾಲಮ್ಮಿನಲ್ಲಿ "ಹೌದು, ತೆರೆದಿದೆ" ಅಂತ ಬರೆದಿರುವ ಸಾಧ್ಯತೆ ಜಾಸ್ತಿ. ಅದರ ಪ್ರಿಂಟ್ ತೆಗೆದು ಜೇಬಿನಲ್ಲಿಟ್ಟುಕೊಂಡು ಸಭೆಗೆ ಹೋಗಿ. ಕಾಯ್ದೆ ಪುಸ್ತಕ ತೋರಿಸಿದರೆ ಅಧಿಕಾರಿಗಳಿಗೆ ಸಿಟ್ಟು ಬರುತ್ತದೆ. ಅವರದೇ ಸಹಿ ಇರುವ ಹಾಳೆ ತೋರಿಸಿದರೆ ಮಾತು ಬರುವುದಿಲ್ಲ.

ನಿಮ್ಮ ಅಂಗಡಿ ಕೋಣೆ ವಿಷಯಕ್ಕೆ ಒಂದು ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಮಾಸ್ಟ್ರುಗಳಿಗೆ ಇದು ಕಷ್ಟ ಅಂತ ಗೊತ್ತು, ಪೀಠಿಕೆ ಬಿಟ್ಟುಬಿಡಿ. ಯಾಕೆ ಬೇಕು ಅಂತ ಕಾರಣ ಹೇಳಬೇಕಾಗಿಲ್ಲ. ಹೀಗೆ ಬರೆಯಿರಿ:

"ಇಂತಹ ದಿನಾಂಕದಂದು ನಡೆದ ಸಾಮಾನ್ಯ ಸಭೆಯ ನೋಟಿಸ್, ಕಾರ್ಯಸೂಚಿ, ಹೆಚ್ಚುವರಿ ಕಾರ್ಯಸೂಚಿ, ಹಾಜರಾತಿ ಮತ್ತು ನಡವಳಿಯ ದೃಢೀಕೃತ ಪ್ರತಿ. ಸದರಿ ಸಭೆಯಲ್ಲಿ ಅಂಗಡಿ ಕೋಣೆಗಳ ವಿಷಯವನ್ನು ಖಾಸಗಿಯಾಗಿ ಚರ್ಚಿಸಲು ಆದೇಶ ಅಥವಾ ನಿರ್ಣಯ ಆಗಿದ್ದಲ್ಲಿ ಅದರ ಪ್ರತಿ. ಸದರಿ ವಿಷಯದ ಬಗ್ಗೆ ಸಭೆಗೆ ಮಂಡಿಸಿದ ಕಚೇರಿ ಟಿಪ್ಪಣಿಯ ಪ್ರತಿ."

ಇಷ್ಟೇ. "ನನ್ನನ್ನು ಯಾಕೆ ಹೊರಗೆ ಹಾಕಿದಿರಿ" ಅಂತ ಬರೆಯಬೇಡಿ. "ಯಾಕೆ" ಅಂದರೆ ಅದು ಮಾಹಿತಿ ಅಲ್ಲ, ಪ್ರಶ್ನೆ ಅಂತ ವಾಪಸ್ ಕಳುಹಿಸುತ್ತಾರೆ. ದಾಖಲೆ ಕೇಳಿ, ದಾಖಲೆ ಇಲ್ಲದಿದ್ದರೆ "ಇಲ್ಲ" ಅಂತ ಬರೆದುಕೊಡಲಿ. ಆದೇಶವೇ ಇಲ್ಲ ಅಂತ ಬರಹದಲ್ಲಿ ಬಂದರೆ ನಿಮ್ಮನ್ನು ಹೊರಗೆ ಕಳುಹಿಸಿದ್ದಕ್ಕೆ ಆಧಾರ ಇರಲಿಲ್ಲ ಅಂತ ಅವರೇ ಒಪ್ಪಿಕೊಂಡ ಹಾಗೆ ಆಯಿತು. ವಕೀಲರ ಅಭಿಪ್ರಾಯ ಕೊಡುವುದಿಲ್ಲ ಅನ್ನಬಹುದು, ಆದರೆ ಅದೊಂದು ಪುಟಕ್ಕಾಗಿ ಇಡೀ ಕಡತ ತಡೆಹಿಡಿಯುವ ಹಾಗಿಲ್ಲ. ಕೊಡಬಾರದ ಭಾಗ ಬೇರೆ ಮಾಡಿ ಉಳಿದದ್ದು ಕೊಡಬೇಕು ಅಂತ 10ನೇ ಸೆಕ್ಷನ್ ಹೇಳುತ್ತದೆ. ಪ್ರತಿ ಪುಟಕ್ಕೆ 2 ರೂಪಾಯಿ. 30 ದಿನದಲ್ಲಿ ಬಾರದಿದ್ದರೆ ಮುಂದಿನ 30 ದಿನದ ಒಳಗೆ ಮೊದಲ ಮೇಲ್ಮನವಿ ಹಾಕಿ. ಅಲ್ಲೂ ಆಗದಿದ್ದರೆ 90 ದಿನದ ಒಳಗೆ ಮಾಹಿತಿ ಆಯೋಗ. ಆಯೋಗದ ಹಂತ ನಿಧಾನ, ಅದನ್ನು ಮುಚ್ಚಿಡುವುದಿಲ್ಲ. ಆದರೆ ನಡವಳಿಯಂಥ ಮಾಮೂಲಿ ದಾಖಲೆ ಸಾಧಾರಣವಾಗಿ ಅಷ್ಟು ದೂರ ಹೋಗುವುದಿಲ್ಲ.

ನಡವಳಿ ಕೈಗೆ ಬಂದು, ಬಾಕಿ ಮನ್ನಾ ಮಾಡಿದ್ದಾರೆ ಅಥವಾ ಹರಾಜಿಲ್ಲದೆ ಹಳಬರಿಗೇ ಕೋಣೆ ಕೊಟ್ಟಿದ್ದಾರೆ ಅಂತ ಕಂಡರೆ ಜಿಲ್ಲಾಧಿಕಾರಿಗೆ ಬರೆಯಿರಿ. ಕಾನೂನಿಗೆ ವಿರುದ್ಧವಾದ ಠರಾವಿನ ಜಾರಿ ತಡೆಯುವ ಅಧಿಕಾರ ಅವರಿಗಿದೆ. ಬರೀ "ಬಾಗಿಲು ಹಾಕಿದರು" ಅನ್ನುವುದರ ಮೇಲೆ ಠರಾವು ಬೀಳಿಸುವುದು ಕಷ್ಟ. "ಬಾಗಿಲು ಹಾಕಿ ಇಂಥದ್ದು ಮಾಡಿದರು" ಅಂದರೆ ತೂಕ ಬೇರೆ.

ನಿಮ್ಮ ಜೊತೆ ಬಂದವರಲ್ಲಿ ಯಾರಾದರೂ ಪಂಚಾಯತಿ ವ್ಯಾಪ್ತಿಯವರಿದ್ದರೆ ಅವರಿಗೆ ಇನ್ನೂ ಗಟ್ಟಿ ಹಕ್ಕು ಇದೆ. ಗ್ರಾಮ ಸಭೆಯಲ್ಲಿ ಅವರು ಪ್ರೇಕ್ಷಕರಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಸಂವಿಧಾನದ ಪ್ರಕಾರ ಗ್ರಾಮ ಸಭೆಯ ಸದಸ್ಯರೇ. ಸದಸ್ಯರನ್ನೇ ಹೊರಗೆ ಹೋಗಿ ಅನ್ನುವುದು ಹೇಗೆ? ಅಲ್ಲಿ ಮಾತಾಡಬಹುದು, ಉತ್ತರ ಬಾರದಿದ್ದರೆ ಹಟ ಹಿಡಿಯಬಹುದು. ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಇಲಾಖೆಯವರು ಬರಲಿಲ್ಲ ಅಂತ ಗ್ರಾಮಸ್ಥರು ಗ್ರಾಮ ಸಭೆಯನ್ನೇ ಮುಂದೂಡಿಸಿದ ಸುದ್ದಿ ನೀವೂ ಓದಿರುತ್ತೀರಿ. ಆದರೆ ಗ್ರಾಮ ಸಭೆ ಬೇರೆ, ಪಂಚಾಯತಿ ಸದಸ್ಯರ ತಿಂಗಳ ಸಭೆ ಬೇರೆ. ಎರಡನೆಯದರಲ್ಲಿ ನೀವು ಕೇಳುವವರು ಮಾತ್ರ.

ಮಂಗಳೂರಿನವರಿಗೆ ವಾರ್ಡ್ ಸಮಿತಿ ಅನ್ನುವ ಇನ್ನೊಂದು ಜಾಗ ಇದೆ. ಕಾರ್ಪೊರೇಟರ್ ಅಧ್ಯಕ್ಷರು, ಹತ್ತು ಮಂದಿ ನಾಗರಿಕ ಸದಸ್ಯರು. 2011ರ ತಿದ್ದುಪಡಿಯಲ್ಲಿ ಬಂದದ್ದು, 2016ರಲ್ಲಿ ನಿಯಮ ಆಯಿತು. ಅದು ಕಾಗದದಿಂದ ಎದ್ದು ಬರಲು ಮಂಗಳೂರಿನ ನಾಗರಿಕರು ಹೈಕೋರ್ಟಿನವರೆಗೆ ಹೋಗಬೇಕಾಯಿತು. ಅಷ್ಟಾಗಿ, 2019ರ ನವೆಂಬರಿನಲ್ಲಿ ಆಯ್ಕೆಯಾದ 60 ಮಂದಿಯ ಅವಧಿ 2025ರ ಫೆಬ್ರವರಿಯಲ್ಲಿ ಮುಗಿದು ಪಾಲಿಕೆಗೆ ಆಡಳಿತಾಧಿಕಾರಿ ಬಂದರು. ಆಡಳಿತಾಧಿಕಾರಿ ಇರುವಾಗ ಕೌನ್ಸಿಲ್‌ನ ಅಧಿಕಾರವೆಲ್ಲ ಒಬ್ಬರ ಟೇಬಲ್ ಮೇಲೆ. ಕಡತ ಬರುತ್ತದೆ, ಸಹಿ ಆಗುತ್ತದೆ. ಜಿಲ್ಲಾ, ತಾಲ್ಲೂಕು ಪಂಚಾಯತಿಗಳದ್ದಂತೂ 2021ರಲ್ಲೇ ಅವಧಿ ಮುಗಿದು ವರ್ಷಗಟ್ಟಲೆ ಹೀಗೇ ನಡೆಯಿತು. ಬಾಗಿಲು ಹಾಕಿದರು ಅಂತ ದೂರಲು ಸಭೆಯಾದರೂ ನಡೆಯಬೇಕಲ್ವಾ? ಅಂಥ ಹೊತ್ತಿನಲ್ಲಿ ಉಳಿಯುವುದು ಮಾಹಿತಿ ಹಕ್ಕು ಒಂದೇ. "ಸಭೆಯ ನಡವಳಿ" ಬದಲು "ಆಡಳಿತಾಧಿಕಾರಿಯವರ ಅನುಮೋದನೆಯ ಆದೇಶ ಮತ್ತು ಟಿಪ್ಪಣಿ" ಅಂತ ಕೇಳಬೇಕು.

ಕೊನೆಯದಾಗಿ ಎರಡು ಸಣ್ಣ ಸಂಗತಿ, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪುರಸಭೆ ಸಭೆ ತೆರೆದಿದೆ ಅಂದರೆ ಕೂತು ಕೇಳಬಹುದು ಅಂತ ಅರ್ಥ, ಎದ್ದು ಮಾತಾಡಬಹುದು ಅಂತ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಜನರಿಗೆ ಮಾತಾಡಲು ಸಮಯ ಕೊಡಲೇಬೇಕು, ನಮ್ಮಲ್ಲಿ ಆ ನಿಯಮ ಇಲ್ಲ. ನಿಮ್ಮ ಮಾತು ವಾರ್ಡಿನ ಸದಸ್ಯರ ಬಾಯಿಂದಲೇ ಬರಬೇಕು, ಹಾಗಾಗಿ ಒಂದು ದಿನ ಮೊದಲು ಅವರ ಮನೆಗೆ ಹೋಗಿ ಕಾಗದ ಕೊಟ್ಟು ಬನ್ನಿ. ಎರಡನೆಯದು ಮೊಬೈಲು. ವಿಡಿಯೊ ಮಾಡುವ ಮುಂಚೆ ಅಧ್ಯಕ್ಷರನ್ನು ಕೇಳಿ. ಬೇಡ ಅಂದರೆ ಜೇಬಿನಲ್ಲಿಟ್ಟು ಪೆನ್ನು ತೆಗೆಯಿರಿ. ದಿನಾಂಕ, ವಿಷಯ ಸಂಖ್ಯೆ, ಬಾಗಿಲು ಹಾಕಿದ ಗಂಟೆ, ಯಾರು ಹೇಳಿದರು, ಇಷ್ಟನ್ನು ನಿಮ್ಮ ಹಳೆಯ ಹಾಜರಿ ಪುಸ್ತಕದ ಕೈಬರಹದಲ್ಲಿ ಅಲ್ಲೇ ಬರೆದು, ಜೊತೆಗಿದ್ದ ಇಬ್ಬರ ಸಹಿ ಹಾಕಿಸಿ. ಈ ಸಲದ್ದನ್ನೂ ಮರೆಯುವ ಮುಂಚೆ ಇವತ್ತೇ ಬರೆದಿಡಿ. ಅರ್ಜಿಯ ಸ್ವೀಕೃತಿಗೆ ಸೀಲು ಹಾಕಿಸಿಕೊಳ್ಳಲು ಮಾತ್ರ ಮರೆಯಬೇಡಿ, ಟಪಾಲು ವಿಭಾಗದಲ್ಲಿ "ಆಮೇಲೆ ಬನ್ನಿ" ಅಂದರೆ ಅಲ್ಲೇ ಬೆಂಚಿನ ಮೇಲೆ ಕೂತಿರಿ.